ಮಾಮೂಲಿ ಹೊಡೆತವನ್ನು ನಂಬಿ ಆಡುವ ಗಾಲ್ಫ್: ಹವ್ಯಾಸಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಹದಿನೆಂಟು ಹೋಲ್ ಮುಗಿಸಿ ಬಂದ ಹವ್ಯಾಸಿ ಗಾಲ್ಫ್ ಆಟಗಾರನನ್ನು ಮಾತಿಗೆಳೆದು ನೋಡಿ. ಏಳನೆಯ ಹೋಲ್‌ನಲ್ಲಿ ಡ್ರೈವರ್‌ನಿಂದ, ಅಂದರೆ ಅತಿ ದೂರ ಹೊಡೆಯುವ ಕ್ಲಬ್‌ನಿಂದ (ಗಾಲ್ಫ್ ಕೋಲಿನಿಂದ), ಹೊಡೆದ ಚೆಂಡು ಹೇಗೆ ಗಾಳಿ ಸೀಳಿಕೊಂಡು ಹೋಯಿತು ಎಂದು ಕೈ ಬೀಸಿ ತೋರಿಸುತ್ತಾನೆ. ಉಳಿದ ನೂರಾ ಎರಡು ಹೊಡೆತಗಳು ಏನಾದವು ಎಂದು ಕೇಳಿದರೆ ಗಾಳಿಯ ಮೇಲೆ, ಹುಲ್ಲಿನ ಮೇಲೆ, ಕ್ಲಬ್‌ನ ಮೇಲೆ ದೂರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾಲ್ಫ್ ಆಟಗಾರನ ಅನುಕೂಲವೇನೆಂದರೆ, ಇಲ್ಲಿ ನೆಲ ನಿಜಕ್ಕೂ ಡೊಂಕೇ.

ನಾನೂ ಆ ಗುಂಪಿನವನೇ. ಆ ಒಂದು ಹೊಡೆತವನ್ನು ಮತ್ತೆ ಹೊಡೆಯುವ ಆಸೆಗೆ ವರ್ಷಗಟ್ಟಲೆ ಕ್ಲಬ್ ಬದಲಿಸಿದೆ, ಸ್ವಿಂಗ್ (ಕ್ಲಬ್ ಬೀಸುವ ರೀತಿ) ಬದಲಿಸಿದೆ, ಅಂಕ (ಒಟ್ಟು ಹೊಡೆತಗಳ ಎಣಿಕೆ, ಕಡಿಮೆಯಾದಷ್ಟೂ ಒಳ್ಳೆಯದು) ಮಾತ್ರ ಬದಲಾಗಲಿಲ್ಲ. ಸಲಕರಣೆ ಕೊಳ್ಳುವಾಗ, ಸ್ವಿಂಗ್ ಕಟ್ಟುವಾಗ, ಎತ್ತ ಗುರಿ ಇಡಬೇಕೆಂದು ನಿರ್ಧರಿಸುವಾಗ ನನ್ನ ಅತ್ಯುತ್ತಮ ಹೊಡೆತವನ್ನು ಮರೆತು ಮಾಮೂಲಿ ಹೊಡೆತವನ್ನು ಲೆಕ್ಕಕ್ಕೆ ಹಿಡಿದ ಮೇಲೆ ಅಂಕ ಇಳಿಯತೊಡಗಿತು. ಈ ಬರಹ ಬಲಗೈ ಆಟಗಾರರನ್ನು ಗಮನದಲ್ಲಿಟ್ಟುಕೊಂಡು ಬರೆದದ್ದು. ಎಡಗೈಯವರು ಎಡಬಲವನ್ನು ತಿರುಗಿಸಿ ಓದಿಕೊಳ್ಳಬೇಕು.

ಹಂತ 1: ಏನನ್ನೂ ಕೊಳ್ಳುವ ಮೊದಲು ಎಣಿಸಿ

ಮೂರು ಸುತ್ತು ಆಡಿ. ಅಂಕಪಟ್ಟಿಯ ಖಾಲಿ ಸಾಲುಗಳಲ್ಲಿ ಪ್ರತಿ ಹೋಲ್‌ಗೂ ನಾಲ್ಕು ಲೆಕ್ಕ ಬರೆದುಕೊಳ್ಳಿ: ದಂಡದ ಹೊಡೆತ (ಚೆಂಡು ಕಳೆದಾಗ, ನೀರಿಗೆ ಬಿದ್ದಾಗ ಲೆಕ್ಕಕ್ಕೆ ಸೇರುವುದು) ಎಷ್ಟು, ನೆಲಕ್ಕೆ ಬಡಿದೋ ಚೆಂಡಿನ ನೆತ್ತಿ ಸವರಿಯೋ ಅರ್ಧ ದೂರವನ್ನೂ ಕ್ರಮಿಸದ ಹೊಡೆತ ಎಷ್ಟು, ಗ್ರೀನ್‌ನಿಂದ (ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನಿಂದ) 100 ಗಜದೊಳಗೆ ಬಂದ ಮೇಲೆ ಗ್ರೀನ್ ತಲುಪಲು ತೆಗೆದುಕೊಂಡದ್ದು ಎಷ್ಟು, ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಎಷ್ಟು. ನಾನು ಮೊದಲ ಸಲ ಹೀಗೆ ಎಣಿಸಿದ ದಿನ ಒಟ್ಟು 103 ಹೊಡೆತಗಳಲ್ಲಿ ಆರು ದಂಡ, ಹನ್ನೊಂದು ಅರೆಬರೆ ಹೊಡೆತ. ಮೂರು ಪಟ್ ಮಾಡಿದ ಹೋಲ್‌ಗಳು ಐದು. ಡ್ರೈವರ್ ಇಪ್ಪತ್ತು ಗಜ ಹೆಚ್ಚು ಹೋಗಿದ್ದರೂ ಇವುಗಳಲ್ಲಿ ಒಂದೂ ಕಡಿಮೆಯಾಗುತ್ತಿರಲಿಲ್ಲ. ದಂಡದ ಲೆಕ್ಕ ಒಂದೆರಡು ಹೆಚ್ಚಾಗುತ್ತಿತ್ತೇನೋ.

ಈ ಚೀಟಿಯನ್ನು ಜೋಪಾನವಾಗಿಡಿ. ಮುಂದಿನ ಪ್ರತಿ ಹಂತದಲ್ಲಿಯೂ ಇದು ಬೇಕಾಗುತ್ತದೆ.

ಹಂತ 2: ಬ್ಯಾಗ್ ತುಂಬಿಸುವುದು

ನಿಯಮದ ಪ್ರಕಾರ ಹೆಚ್ಚೆಂದರೆ 14 ಕ್ಲಬ್ ಒಯ್ಯಬಹುದು. ಕನಿಷ್ಠ ಇಷ್ಟಿರಬೇಕೆಂಬ ನಿಯಮ ಇಲ್ಲ. ಆರಂಭದಲ್ಲಿ ಎಂಟೋ ಒಂಬತ್ತೋ ಸಾಕು: ಟೀಯಿಂದ (ಪ್ರತಿ ಹೋಲ್‌ನ ಆರಂಭದ ಜಾಗದಿಂದ) ಹೊಡೆಯಲು ದಪ್ಪ ತಲೆಯ ಒಂದು ವುಡ್, ವುಡ್ ಮತ್ತು ಐರನ್‌ಗಳ ನಡುವಿನ ಒಂದು ಹೈಬ್ರಿಡ್, 6ರಿಂದ 9ರವರೆಗಿನ ಐರನ್‌ಗಳು (ಸಂಖ್ಯೆ ಹೆಚ್ಚಿದಷ್ಟೂ ದೂರ ಕಡಿಮೆ), ಪಿಚಿಂಗ್ ವೆಜ್, 54ರಿಂದ 56 ಡಿಗ್ರಿಯ ಸ್ಯಾಂಡ್ ವೆಜ್, ಪಟರ್. ಕ್ಲಬ್ ಕಡಿಮೆಯಿದ್ದಷ್ಟೂ ಪ್ರತಿಯೊಂದರ ಪರಿಚಯ ಬೇಗ ಆಗುತ್ತದೆ.

ಐರನ್‌ಗಳಲ್ಲಿ ಕ್ಯಾವಿಟಿ ಬ್ಯಾಕ್ ತೆಗೆದುಕೊಳ್ಳಿ. ಹಿಂಬದಿಯನ್ನು ಟೊಳ್ಳು ಮಾಡಿ ತೂಕವನ್ನು ಅಂಚುಗಳಿಗೆ ಹಂಚಿರುವುದರಿಂದ, ಚೆಂಡು ನಡುವಿಗೆ ತಾಗದಿದ್ದರೂ ಕ್ಲಬ್‌ನ ತಲೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ಅಂಚಿಗೆ ತೂಕ ಹಾಕುವ ಈ ಉಪಾಯವನ್ನು ಜನಪ್ರಿಯಗೊಳಿಸಿದವರು ಕಾರ್ಸ್ಟನ್ ಸೋಲ್‌ಹೈಮ್. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಅವರು ತಮ್ಮ ಪಟಿಂಗ್ ಸರಿಯಿಲ್ಲವೆಂದು 1959ರಲ್ಲಿ ಒಂದು ಪಟರ್ ಮಾಡಿಕೊಂಡರು. ಚೆಂಡಿಗೆ ತಾಗಿದಾಗ ಅದು ಹೊರಡಿಸುತ್ತಿದ್ದ ಸದ್ದೇ ಮುಂದೆ ‘ಪಿಂಗ್’ ಎಂಬ ಕಂಪನಿಯ ಹೆಸರಾಯಿತು. ನಾನು ಮಾತ್ರ ಮೊದಲು ಕೊಂಡದ್ದು ತೆಳ್ಳಗಿನ ಬ್ಲೇಡ್ ಐರನ್‌ಗಳನ್ನು, ನೋಡಲು ಚೆಂದ ಎಂಬ ಒಂದೇ ಕಾರಣಕ್ಕೆ. ಚಳಿಯ ಬೆಳಗಿನಲ್ಲಿ ಬ್ಲೇಡ್‌ನ ತುದಿಗೆ ಚೆಂಡು ತಾಗಿದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಆ ಪಾಠಕ್ಕೆ ಬೇರೆ ಗುರು ಬೇಕಿಲ್ಲ.

ಕ್ಲಬ್‌ನ ಮೇಲಿನ ಸಂಖ್ಯೆಯನ್ನು ನಂಬಬೇಡಿ, ಲಾಫ್ಟ್ ಕೇಳಿ, ಅಂದರೆ ಕ್ಲಬ್‌ನ ಮುಖ ಎಷ್ಟು ಡಿಗ್ರಿ ಹಿಂದಕ್ಕೆ ಓರೆಯಾಗಿದೆ ಎಂಬುದನ್ನು. ಹಳೆಯ 7 ಐರನ್‌ಗಳ ಲಾಫ್ಟ್ ಸುಮಾರು 34 ಡಿಗ್ರಿ ಇರುತ್ತಿತ್ತು. ಈಗ ಅದೇ ಸಂಖ್ಯೆಯಡಿ 30 ಡಿಗ್ರಿಯ, ಅದಕ್ಕೂ ಕಡಿಮೆಯ ಕ್ಲಬ್‌ಗಳು ಬರುತ್ತಿವೆ. ‘ಹೊಸ 7 ಐರನ್ ಹದಿನೈದು ಗಜ ಹೆಚ್ಚು ಹೋಗುತ್ತದೆ’ ಎಂಬ ಸಂಭ್ರಮದ ಹಿಂದಿನ ಗುಟ್ಟು ಹಲವು ಸಲ ಇಷ್ಟೇ. ಇದರ ಅಡ್ಡಪರಿಣಾಮ ಬ್ಯಾಗ್‌ನ ಇನ್ನೊಂದು ತುದಿಯಲ್ಲಿ ಕಾಣುತ್ತದೆ. ಪಿಚಿಂಗ್ ವೆಜ್ 44 ಡಿಗ್ರಿ, ಮುಂದಿನದು 56 ಎಂದಾದರೆ ನಡುವೆ ದೊಡ್ಡ ಕಂದಕ. ಅಲ್ಲಿ 50ರ ಆಸುಪಾಸಿನ ಗ್ಯಾಪ್ ವೆಜ್ ಒಂದನ್ನು ಸೇರಿಸಿಕೊಳ್ಳುವುದು ಹೊಸ ಡ್ರೈವರ್‌ಗಿಂತ ಉಪಯುಕ್ತ.

ಡ್ರೈವರ್ ಬೇಕೇ ಬೇಕೆಂದರೆ 10.5 ಡಿಗ್ರಿಗಿಂತ ಕಡಿಮೆಯದನ್ನು ಮುಟ್ಟಬೇಡಿ. ಸ್ವಿಂಗ್ ನಿಧಾನವಿದ್ದರೆ 12 ಇನ್ನೂ ಒಳ್ಳೆಯದು. ನಿಧಾನದ ಹೊಡೆತಕ್ಕೆ ಚೆಂಡು ಎತ್ತರಕ್ಕೇರಿದರೆ ಮಾತ್ರ ದೂರ ಸಿಗುತ್ತದೆ. ಶಾಫ್ಟ್ (ಕ್ಲಬ್‌ನ ಉದ್ದನೆಯ ದಂಡಿಗೆ) ವಿಷಯದಲ್ಲಿ ಎಚ್ಚರ: ರೆಗ್ಯುಲರ್, ಸ್ಟಿಫ್ ಎಂಬ ಹೆಸರುಗಳಿಗೆ ಎಲ್ಲ ತಯಾರಕರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್‌ನಷ್ಟು ಬಿಗಿ ಇರಬಹುದು. ಹೊಡೆದು ನೋಡಿಯೇ ತೆಗೆದುಕೊಳ್ಳಿ. ಹಾಗೆ ನೋಡುವಾಗ ಹತ್ತು ಚೆಂಡು ಹೊಡೆದು, ಅತಿ ಉದ್ದದ್ದು ಎಷ್ಟು ದೂರ ಹೋಯಿತೆಂದು ನೋಡದೆ, ಆ ಹತ್ತೂ ಎಷ್ಟು ಅಗಲಕ್ಕೆ ಚದುರಿವೆ ಎಂಬುದನ್ನು ಗಮನಿಸಿ.

ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರುವಂತಿಲ್ಲ. ಇಷ್ಟರೊಳಗೆ ಆಯ್ಕೆ ಬೇಕಾದಷ್ಟಿದೆ. ಯುರೆಥೇನ್ ಹೊದಿಕೆಯ ಚೆಂಡು ಗ್ರೀನ್ ಬಳಿ ಹೆಚ್ಚು ತಿರುಗಿ ಬೇಗ ನಿಲ್ಲುತ್ತದೆ; ಗಟ್ಟಿ ಹೊದಿಕೆಯದು ಅಗ್ಗ, ಉರುಳುವುದು ಹೆಚ್ಚು. ಸುತ್ತಿಗೆ ಮೂರ್ನಾಲ್ಕು ಚೆಂಡು ಕಳೆದುಕೊಳ್ಳುವವರಿಗೆ ಎರಡನೆಯದೇ ಸರಿ. ಆದರೆ ಯಾವುದನ್ನು ಆರಿಸಿದರೂ ಅದನ್ನೇ ಆಡಿ. ಹೋಲ್‌ಗೊಂದು ಜಾತಿಯ ಚೆಂಡು ಬಳಸಿದರೆ ಚಿಪ್ (ಗ್ರೀನ್ ಬಳಿಯಿಂದ ತಗ್ಗಾಗಿ ಹಾರಿಸಿ ಉರುಳಿಸುವ ಚಿಕ್ಕ ಹೊಡೆತ) ಮಾಡುವಾಗ ಕೈಗೆ ಅಂದಾಜೇ ಸಿಗದು.

ಹಂತ 3: ಹಿಡಿತ

ಇಲ್ಲಿ ಆತುರ ಬೇಡ. ಕ್ಲಬ್‌ಗೂ ನಿಮಗೂ ಇರುವ ಸಂಪರ್ಕ ಇದೊಂದೇ.

ಎಡಗೈಯಲ್ಲಿ ಹಿಡಿಕೆ ಅಂಗೈಗೆ ಅಡ್ಡಲಾಗಿ ಕೂರಬಾರದು. ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗೆಣ್ಣಿನವರೆಗೆ ಓರೆಯಾಗಿ, ಬೆರಳುಗಳಲ್ಲಿ ಕೂರಬೇಕು. ಕೈ ಮುಚ್ಚಿ ಮೇಲಿನಿಂದ ನೋಡಿದರೆ ಎಡಗೈಯ ಎರಡು ಗೆಣ್ಣುಗಳು ಸ್ಪಷ್ಟವಾಗಿ, ಮೂರನೆಯದು ಅರೆಬರೆಯಾಗಿ ಕಾಣಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಗೆರೆ ಬಲಭುಜದ ಕಡೆ ಮುಖ ಮಾಡಿರಬೇಕು. ಬಲಗೈಯ ಅಂಗೈ ಎಡ ಹೆಬ್ಬೆರಳನ್ನು ಮುಚ್ಚಿಕೊಳ್ಳಲಿ. ಬಲ ಕಿರುಬೆರಳನ್ನು ಎಡ ತೋರುಬೆರಳಿನ ಮೇಲೆ ಇಡುವುದು ಹ್ಯಾರಿ ವಾರ್ಡನ್ ಹೆಸರಿನಿಂದ ಪ್ರಸಿದ್ಧವಾದ ರೀತಿ. ಎರಡನ್ನೂ ಹೆಣೆಯುವುದು ಜ್ಯಾಕ್ ನಿಕ್ಲಾಸ್, ಟೈಗರ್ ವುಡ್ಸ್ ಬಳಸಿದ್ದು. ಕೈ ಚಿಕ್ಕದಿದ್ದರೆ ಹತ್ತೂ ಬೆರಳುಗಳಲ್ಲಿ ಹಿಡಿಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹೊಸ ಹಿಡಿತ ಕನಿಷ್ಠ ಎರಡು ವಾರ ಅಸಹಜವೆನಿಸುತ್ತದೆ. ಹಳೆಯದಕ್ಕೆ ಮರಳುವವರೆಲ್ಲ ಮರಳುವುದು ಆ ಎರಡು ವಾರಗಳಲ್ಲೇ. ಮನೆಯಲ್ಲಿ ದಿನಕ್ಕೆ ಐದು ನಿಮಿಷ, ಚೆಂಡಿಲ್ಲದೆ, ಹಿಡಿದು ಬಿಡುವುದನ್ನಷ್ಟೇ ಮಾಡಿ. ರಬ್ಬರ್ ಗ್ರಿಪ್ ಸವೆದು ಜಾರುತ್ತಿದ್ದರೆ ಬೆಚ್ಚನೆಯ ಸಾಬೂನು ನೀರಿನಲ್ಲಿ ತೊಳೆಯಿರಿ, ಆಗಲೂ ಜಾರಿದರೆ ಬದಲಿಸಿ. ಜಾರುವ ಗ್ರಿಪ್ಪನ್ನು ನಾವು ನಮಗರಿವಿಲ್ಲದೆ ಬಿಗಿಯಾಗಿ ಅದುಮುತ್ತೇವೆ. ಆಮೇಲೆ ಮಣಿಕಟ್ಟು ಮಣಿಯುವುದಿಲ್ಲ.

ಹಂತ 4: ನಿಲುವು ಮತ್ತು ಗುರಿ

ವೆಜ್‌ಗೆ ಚೆಂಡು ಎರಡು ಪಾದಗಳ ನಡುವೆ, 7 ಐರನ್‌ಗೆ ಅಲ್ಲಿಂದ ಒಂದು ಚೆಂಡಿನಷ್ಟು ಎಡಕ್ಕೆ, ಡ್ರೈವರ್‌ಗೆ ಎಡ ಹಿಮ್ಮಡಿಯ ಒಳಭಾಗಕ್ಕೆ ನೇರವಾಗಿ. ಸೊಂಟದಿಂದ ಬಾಗಿ, ಮಂಡಿ ತುಸು ಸಡಿಲವಾಗಿರಲಿ.

ಗುರಿ ಹಿಡಿಯುವಾಗ ಬಹುಪಾಲು ಜನ ಮೊದಲು ಪಾದ ಇಟ್ಟು, ಆಮೇಲೆ ಕ್ಲಬ್ ಹೊಂದಿಸುತ್ತಾರೆ. ಇದು ತಲೆಕೆಳಗು. ಚೆಂಡಿನ ಹಿಂದೆ ನಿಂತು ಗುರಿಯತ್ತ ನೋಡಿ, ಅದೇ ಸಾಲಿನಲ್ಲಿ ಚೆಂಡಿನ ಮುಂದೆ ಎರಡು ಮೂರು ಅಡಿಯಲ್ಲಿ ಒಂದು ಒಣ ಎಲೆಯನ್ನೋ ಹುಲ್ಲಿನ ಕಲೆಯನ್ನೋ ಗುರುತಿಸಿಕೊಳ್ಳಿ. ಕ್ಲಬ್‌ನ ಮುಖವನ್ನು ಅದಕ್ಕೆ ನೇರ ಮಾಡಿ, ಆಮೇಲೆ ಪಾದಗಳನ್ನು ಆ ಸಾಲಿಗೆ ಸಮಾನಾಂತರವಾಗಿ ಇಡಿ. ಇನ್ನೂರು ಗಜದಾಚೆಯ ಧ್ವಜಕ್ಕಿಂತ ಕಾಲ ಬುಡದ ಎಲೆಗೆ ಗುರಿ ಇಡುವುದು ಸುಲಭ. ನಿಕ್ಲಾಸ್ ಮಾಡುತ್ತಿದ್ದುದೂ ಹೀಗೆಯೇ.

ಹಂತ 5: ಸ್ವಿಂಗ್ ಕಟ್ಟುವುದು

ಐರನ್‌ನ ಸ್ವಿಂಗ್‌ನಲ್ಲಿ ಕ್ಲಬ್ ನೆಲ ಮುಟ್ಟುವ ಜಾಗವೇ ಎಲ್ಲ. ಕ್ಲಬ್ ಇನ್ನೂ ಇಳಿಯುತ್ತಿರುವಾಗಲೇ ಚೆಂಡಿಗೆ ತಾಗಬೇಕು, ಆಮೇಲೆ ನೆಲಕ್ಕೆ. ಹವ್ಯಾಸಿಗಳು ಚೆಂಡನ್ನು ಮೇಲೆತ್ತಲು ಹೋಗಿ ಬಲಗಾಲಿನ ಮೇಲೆ ಹಿಂದಕ್ಕೆ ವಾಲುತ್ತಾರೆ. ಕ್ಲಬ್ ಚೆಂಡಿನ ಹಿಂದಿನ ನೆಲವನ್ನು ಅಗೆಯುತ್ತದೆ, ಇಲ್ಲವೇ ಮೇಲೇಳುತ್ತಾ ಚೆಂಡಿನ ನೆತ್ತಿಯನ್ನು ಸವರುತ್ತದೆ. ಎರಡೂ ಒಂದೇ ರೋಗದ ಎರಡು ಲಕ್ಷಣ. ಚೆಂಡನ್ನು ಮೇಲೆತ್ತುವುದು ಲಾಫ್ಟ್‌ನ ಕೆಲಸ, ನಿಮ್ಮದಲ್ಲ.

ಇದಕ್ಕೊಂದು ಅಭ್ಯಾಸ ಹೇಳುತ್ತೇನೆ. ಮರಳಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಗೆರೆ ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆ, 8 ಐರನ್‌ನಲ್ಲಿ ಸೊಂಟದಿಂದ ಸೊಂಟದವರೆಗಿನ ಅರ್ಧ ಸ್ವಿಂಗ್ ಮಾಡಿ. ಮರಳು ಕೀಳುವುದು ಗೆರೆಯಿಂದ ಶುರುವಾಗಿ ಎಡಕ್ಕೆ ಹೋಗಿರಬೇಕು. ಗೆರೆಯ ಬಲಕ್ಕೆ ಕಿತ್ತಿದ್ದರೆ ತೂಕ ಇನ್ನೂ ಬಲಗಾಲಿನಲ್ಲೇ ಇದೆ ಎಂದರ್ಥ. ಹತ್ತರಲ್ಲಿ ಏಳು ಸಲ ಸರಿಯಾದ ಮೇಲೆ ಚೆಂಡು ಇಡಿ, ಅದೇ ಅರ್ಧ ಸ್ವಿಂಗ್‌ನಲ್ಲಿ ಹೊಡೆಯಿರಿ. ಅದಾದ ಮೇಲೆ ಮುಕ್ಕಾಲು ಸ್ವಿಂಗ್. ಪೂರ್ಣ ಸ್ವಿಂಗ್‌ಗೆ ನಾನು ಅವಸರಪಡುವುದಿಲ್ಲ. ನನ್ನ ಮುಕ್ಕಾಲು ಸ್ವಿಂಗ್ ಪೂರ್ಣದ್ದಕ್ಕಿಂತ ಹತ್ತು ಗಜವಷ್ಟೇ ಕಡಿಮೆ ಹೋಗುತ್ತದೆ, ಆದರೆ ಹೇಳಿದ ಕಡೆಗೆ ಹೋಗುತ್ತದೆ.

ಲಯದ ಬಗ್ಗೆ ಒಂದು ಮಾತು. ನುರಿತ ಆಟಗಾರರಲ್ಲಿ ಕ್ಲಬ್ ಹಿಂದಕ್ಕೆ ಹೋಗಲು ಹಿಡಿಯುವ ಸಮಯ, ಅದು ಇಳಿದು ಚೆಂಡಿಗೆ ತಾಗುವ ಸಮಯದ ಸುಮಾರು ಮೂರು ಪಟ್ಟು ಇರುತ್ತದೆ. ‘ಒಂದು, ಎರಡು, ಮೂರು’ ಎನ್ನುತ್ತಾ ಎತ್ತಿ, ‘ನಾಲ್ಕು’ ಎನ್ನುವಾಗ ಹೊಡೆಯಿರಿ. ಹೊಡೆದ ಮೇಲೆ ಚೆಂಡು ನೆಲಕ್ಕೆ ಬೀಳುವವರೆಗೆ ಎಡಗಾಲಿನ ಮೇಲೆ ಅಲುಗದೆ ನಿಲ್ಲಲು ಆಗದಿದ್ದರೆ ಶಕ್ತಿ ಮೀರಿ ಬೀಸಿದ್ದೀರಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಡ್ರೈವರ್‌ಗೆ ಮಾತ್ರ ಲೆಕ್ಕ ಬೇರೆ. ಚೆಂಡು ಟೀ ಎಂಬ ಪುಟ್ಟ ಮೊಳೆಯ ಮೇಲಿರುವುದರಿಂದ ಕ್ಲಬ್ ತುಸು ಮೇಲೇಳುತ್ತಾ ತಾಗಬೇಕು. ಅರ್ಧ ಚೆಂಡು ಕ್ಲಬ್‌ನ ನೆತ್ತಿಗಿಂತ ಮೇಲೆ ಕಾಣುವಂತೆ ಟೀ ಇಟ್ಟು, ಬಲಭುಜವನ್ನು ಎಡಭುಜಕ್ಕಿಂತ ಸ್ವಲ್ಪ ತಗ್ಗಿಸಿ ನಿಂತರೆ ಉಳಿದದ್ದು ತಾನಾಗಿ ಆಗುತ್ತದೆ.

ಹಂತ 6: ಚೆಂಡಿನ ದಾರಿಯನ್ನು ಓದುವುದು

ಸ್ಲೈಸ್ (ಬಲಕ್ಕೆ ಬಾಗಿ ಹೋಗುವ ಹೊಡೆತ) ಹೊಡೆಯುವವರೆಲ್ಲರೂ ಇದನ್ನು ನಿಧಾನವಾಗಿ ಓದಬೇಕು. ಅಂದರೆ ನಮ್ಮಲ್ಲಿ ಬಹುಪಾಲು ಮಂದಿ.

ಕ್ಲಬ್ ಬೀಸಿದ ದಿಕ್ಕಿನಲ್ಲಿ ಚೆಂಡು ಹೊರಟು, ಕ್ಲಬ್‌ನ ಮುಖ ನೋಡುತ್ತಿದ್ದ ಕಡೆ ತಿರುಗುತ್ತದೆ ಎಂದು ಬಹುಕಾಲ ಕಲಿಸುತ್ತಿದ್ದರು. ರೇಡಾರ್ ಯಂತ್ರಗಳು ಬಂದು ಅಳೆದ ಮೇಲೆ ಅದು ತಪ್ಪೆಂದು ಖಚಿತವಾಯಿತು. ಚೆಂಡು ಹೊರಡುವ ದಿಕ್ಕನ್ನು ಮುಕ್ಕಾಲು ಪಾಲು ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಕ್ಲಬ್‌ನ ಮುಖ ಎತ್ತ ನೋಡುತ್ತಿತ್ತು ಎಂಬುದು. ಡ್ರೈವರ್‌ನಲ್ಲಿ ಆ ಪಾಲು ಇನ್ನೂ ಹೆಚ್ಚು. ಆಮೇಲೆ ಚೆಂಡು ಬಾಗುವುದು ಮುಖಕ್ಕೂ ಬೀಸಿದ ದಾರಿಗೂ ನಡುವಿನ ವ್ಯತ್ಯಾಸದಿಂದ. ಮುಖ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ.

ಈಗ ಹವ್ಯಾಸಿಯ ಸಹಜ ಬುದ್ಧಿ ಏನು ಮಾಡುತ್ತದೆ ನೋಡಿ. ಚೆಂಡು ಬಲಕ್ಕೆ ಹೋಗುತ್ತದೆಂದು ಆತ ಇನ್ನಷ್ಟು ಎಡಕ್ಕೆ ತಿರುಗಿ ನಿಂತು ಎಡಕ್ಕೆ ಬೀಸುತ್ತಾನೆ. ದಾರಿ ಎಡಕ್ಕೆ ಹೋದಷ್ಟೂ ಮುಖದೊಂದಿಗಿನ ಅಂತರ ಹೆಚ್ಚುತ್ತದೆ, ಚೆಂಡು ಇನ್ನಷ್ಟು ಬಾಗುತ್ತದೆ. ನಾನು ಮೂರು ವರ್ಷ ಹೀಗೆ ಎಡಕ್ಕೆ ತಿರುಗುತ್ತಾ ಹೋಗಿ, ಕೊನೆಗೆ ಪಕ್ಕದ ಹೋಲ್‌ನ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ.

ಸರಿಪಡಿಸುವ ಕ್ರಮ ಹೀಗಿದೆ. ಮೊದಲು ಚೆಂಡು ಕ್ಲಬ್‌ನ ಮುಖದಲ್ಲಿ ಎಲ್ಲಿ ತಾಗುತ್ತಿದೆ ಎಂದು ಪರೀಕ್ಷಿಸಿ. ಮುಖಕ್ಕೆ ಪಾದದ ಪೌಡರ್ ಸ್ಪ್ರೇ ತೆಳ್ಳಗೆ ಹೊಡೆದರೆ ಪ್ರತಿ ಹೊಡೆತದ ಗುರುತು ಮೂಡುತ್ತದೆ. ಡ್ರೈವರ್‌ನಲ್ಲಿ ಶಾಫ್ಟ್ ಬದಿಗೆ, ಅಂದರೆ ಹೀಲ್‌ಗೆ ತಾಗಿದ ಚೆಂಡು ಬಲಕ್ಕೂ, ಹೊರತುದಿಗೆ ತಾಗಿದ್ದು ಎಡಕ್ಕೂ ಬಾಗುತ್ತದೆ. ಗುರುತೆಲ್ಲ ಹೀಲ್‌ನಲ್ಲಿದ್ದರೆ ಸ್ವಿಂಗ್ ಕೆದಕುವ ಮೊದಲು ಚೆಂಡಿನಿಂದ ಅರ್ಧ ಅಂಗುಲ ಹಿಂದೆ ಸರಿದು ನಿಂತು ನೋಡಿ. ಗುರುತು ನಡುವಿನಲ್ಲೇ ಇದ್ದೂ ಬಲಕ್ಕೆ ಬಾಗುತ್ತಿದ್ದರೆ ಹಂತ 3ಕ್ಕೆ ಮರಳಿ: ಎಡಗೈಯಲ್ಲಿ ಒಂದೇ ಗೆಣ್ಣು ಕಾಣುತ್ತಿರುವ ಸಾಧ್ಯತೆ ಹೆಚ್ಚು. ಅದೂ ಸರಿಯಿದ್ದರೆ ಮಾತ್ರ ದಾರಿಯ ಸರದಿ. ಚೆಂಡಿನ ಹಿಂದೆ ಒಂದಡಿ ದೂರದಲ್ಲಿ, ಗುರಿಯ ಸಾಲಿನ ಹೊರಬದಿಗೆ ಕ್ಲಬ್‌ನ ಖಾಲಿ ಕವಚ ಇಟ್ಟು, ಅದಕ್ಕೆ ತಾಗದಂತೆ ಒಳಗಿನಿಂದ ಬೀಸುವುದನ್ನು ರೂಢಿಸಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಫಲ ಯಾವುದರಿಂದ ಬಂತೆಂದು ತಿಳಿಯದು.

ಹಂತ 7: ಗ್ರೀನ್‌ನ ಸುತ್ತ

ಪಟ್ ಮಾಡಲು ಆಗುವ ಕಡೆ ಪಟ್ ಮಾಡಿ, ಆಗದಿದ್ದರೆ ಚಿಪ್ ಮಾಡಿ ಉರುಳಿಸಿ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಎತ್ತರಕ್ಕೆ ಹಾರಿಸಿ. ಗ್ರೀನ್ ಹೊರಗಿನ ಕತ್ತರಿಸಿದ ಹುಲ್ಲಿನಿಂದ ಪಟರ್ ಬಳಸಿದ್ದಕ್ಕೆ ಯಾರಾದರೂ ನಕ್ಕರೆ ನಗಲಿ. ಚಿಪ್‌ಗೆ ಪಾದಗಳನ್ನು ಹತ್ತಿರ ತಂದು, ತೂಕವನ್ನು ಹೆಚ್ಚು ಎಡಗಾಲಿಗೆ ಹಾಕಿ, ಮಣಿಕಟ್ಟು ಮುರಿಯದೆ ಭುಜಗಳಿಂದ ತೂಗಿ. ಕಣ್ಣು ಧ್ವಜದ ಮೇಲಿರಬಾರದು, ಚೆಂಡು ಮೊದಲು ಬೀಳಬೇಕಾದ ಜಾಗದ ಮೇಲಿರಬೇಕು.

ಬಂಕರ್‌ನಲ್ಲಿ (ಮೈದಾನದ ಮರಳುಗುಂಡಿಯಲ್ಲಿ) ಹೆದರಿಕೆಯೇ ಅರ್ಧ ತೊಂದರೆ. ಸ್ಯಾಂಡ್ ವೆಜ್‌ನ ತಳದ ದಪ್ಪ ಉಬ್ಬು ಮರಳಿನಲ್ಲಿ ಹೂತುಹೋಗದೆ ಜಾರಲೆಂದೇ ಇದೆ. ಆಧುನಿಕ ಸ್ಯಾಂಡ್ ವೆಜ್‌ನ ಕೀರ್ತಿ ಸಲ್ಲುವ ಜೀನ್ ಸರಾಜನ್ 1932ರ ಬ್ರಿಟಿಷ್ ಓಪನ್ ಗೆದ್ದಾಗ ಅದು ಅವರ ಬ್ಯಾಗ್‌ನಲ್ಲಿತ್ತು. ಮುಖವನ್ನು ತೆರೆದು ಹಿಡಿದು, ಚೆಂಡಿನ ಹಿಂದೆ ಎರಡು ಅಂಗುಲದಲ್ಲಿ ಮರಳಿಗೆ ಹೊಡೆದು, ನಿಲ್ಲಿಸದೆ ಮುಂದುವರಿಸಿ. ಚೆಂಡನ್ನು ಹೊರಹಾಕುವುದು ಮರಳು. ಹೊಡೆಯುವ ಮೊದಲು ಚೆಂಡಿನ ಹಿಂದೆ ಮುಂದೆ ಅಥವಾ ಅಭ್ಯಾಸದ ಬೀಸಿನಲ್ಲಿ ಕ್ಲಬ್‌ನಿಂದ ಮರಳು ಮುಟ್ಟಿದರೆ ದಂಡ ಎಂಬುದು ನೆನಪಿರಲಿ. ಒಣ ಎಲೆ, ಕಡ್ಡಿಗಳನ್ನು 2019ರಿಂದ ತೆಗೆಯಬಹುದು.

ಪಟಿಂಗ್‌ನಲ್ಲಿ ನಮ್ಮ ನಿರೀಕ್ಷೆಯೇ ತಪ್ಪು. ಪಿಜಿಎ ಟೂರ್‌ನ ವೃತ್ತಿಪರರೇ ಎಂಟು ಅಡಿಯಿಂದ ಸುಮಾರು ಅರ್ಧದಷ್ಟು ಮಾತ್ರ ಹಾಕುತ್ತಾರೆ. ಕುಳಿಯ ವ್ಯಾಸ 108 ಮಿಲಿಮೀಟರ್ ಅಷ್ಟೇ. ಹಾಗಾಗಿ ಎಂಟು ಅಡಿಯದು ತಪ್ಪಿದ್ದಕ್ಕೆ ಕೊರಗುವುದನ್ನು ಬಿಟ್ಟು ಎರಡನ್ನು ಅಭ್ಯಾಸ ಮಾಡಿ: ಮೂವತ್ತು ಅಡಿಯಿಂದ ದೂರದ ಅಂದಾಜು, ಮೂರು ಅಡಿಯಿಂದ ನೇರ ಹೊಡೆತ. ಮೂರು ಪಟ್ ಆಗುವುದು ಹೆಚ್ಚಾಗಿ ಮೊದಲ ಪಟ್‌ನ ದೂರ ತಪ್ಪಿ, ದಿಕ್ಕು ತಪ್ಪಿ ಅಲ್ಲ.

ಹಂತ 8: ಮೈದಾನದಲ್ಲಿ ನಿರ್ಧಾರಗಳು

ಮೊದಲ ನಿರ್ಧಾರ ಯಾವ ಟೀಯಿಂದ ಆಡುವುದು ಎಂಬುದು. ನಿಮ್ಮ 5 ಐರನ್‌ನ ಮಾಮೂಲಿ ದೂರವನ್ನು 36ರಿಂದ ಗುಣಿಸಿ. 150 ಗಜವಾದರೆ 5,400 ಗಜದ ಮೈದಾನ ನಿಮಗೆ ಸರಿ. ಹಿಂದಿನ ಟೀಗಳಿಂದ ಆಡುವುದು ಶೌರ್ಯವೆಂದು ನಾನೂ ಒಂದು ಕಾಲದಲ್ಲಿ ತಿಳಿದಿದ್ದೆ.

ಪ್ರತಿ ಕ್ಲಬ್‌ನ ದೂರವನ್ನು ಅಳೆಯುವಾಗ ಹತ್ತು ಹೊಡೆತಗಳಲ್ಲಿ ಯಾವುದನ್ನೂ ಕೈಬಿಡದೆ ನಡುವಿನದನ್ನು ಬರೆದುಕೊಳ್ಳಿ. ಎದುರಿಗೆ ನೀರಿದೆ, ದಾಟಲು 150 ಗಜ ಬೇಕು, ನಿಮ್ಮ 7 ಐರನ್ ‘ಚೆನ್ನಾಗಿ ತಾಗಿದರೆ’ 150 ಎಂದಿರಲಿ. ಹಾಗಾದರೆ ಅದು 7 ಐರನ್‌ನ ಹೊಡೆತವಲ್ಲ. ಅದಕ್ಕಿಂತ ದೂರ ಹೋಗುವ ಮುಂದಿನ ಕ್ಲಬ್ ತೆಗೆದುಕೊಳ್ಳಿ, ಧ್ವಜ ಎಲ್ಲೇ ಇರಲಿ ಗ್ರೀನ್‌ನ ನಡುವಿಗೆ ಗುರಿ ಇಡಿ. ಮರಗಳ ನಡುವೆ ಸಿಕ್ಕಿಬಿದ್ದರೆ ಕಿಂಡಿ ಹುಡುಕಬೇಡಿ, ಅಡ್ಡಕ್ಕೆ ಫೇರ್‌ವೇಗೆ (ಟೀಯಿಂದ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿಗೆ) ಬನ್ನಿ. ಒಂದು ಹೊಡೆತ ಹೋಯಿತು, ನಾಲ್ಕು ಉಳಿಯಿತು.

ನಿಯಮಗಳನ್ನು ತಿಳಿದರೂ ಹೊಡೆತ ಉಳಿಯುತ್ತದೆ. ಚೆಂಡು ಕಳೆದಿರಬಹುದು ಅಥವಾ ಮೈದಾನದ ಗಡಿ ದಾಟಿರಬಹುದು ಎಂಬ ಶಂಕೆಯಿದ್ದರೆ ‘ಪ್ರಾವಿಷನಲ್ ಚೆಂಡು’ ಎಂದು ಬಾಯಿಬಿಟ್ಟು ಹೇಳಿ ಇನ್ನೊಂದನ್ನು ಹೊಡೆಯಿರಿ. ಹೇಳದೆ ಹೊಡೆದರೆ ಅದೇ ನಿಮ್ಮ ಆಟದ ಚೆಂಡಾಗುತ್ತದೆ. ಹುಡುಕಲು ಈಗ ಮೂರು ನಿಮಿಷ ಮಾತ್ರ, 2019ಕ್ಕೆ ಮೊದಲು ಐದಿತ್ತು. ಕೆಂಪು ಗುರುತಿನ ಪೆನಾಲ್ಟಿ ಪ್ರದೇಶಕ್ಕೆ ಬಿದ್ದರೆ ಒಂದು ದಂಡದೊಂದಿಗೆ, ಚೆಂಡು ಅಂಚು ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ, ಮಂಡಿಯ ಎತ್ತರದಿಂದ ಚೆಂಡು ಬಿಡಬಹುದು. ಆ ಅಳತೆಗೆ ಬ್ಯಾಗ್‌ನಲ್ಲಿ ಪಟರ್ ಬಿಟ್ಟು ಅತಿ ಉದ್ದದ ಕ್ಲಬ್ಬೇ ಮಾನ. ಡ್ರೈವರ್ ನಿಸ್ಸಂಶಯವಾಗಿ ಉಪಕಾರಕ್ಕೆ ಬರುವ ಸಂದರ್ಭ ಇದು.

ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತಿಳಿಸುವ ಸಂಖ್ಯೆ) ಪಡೆಯಲು ಹಿಂಜರಿಯಬೇಡಿ. 2020ರಲ್ಲಿ ಆರಂಭವಾದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆಯಲ್ಲಿ ಗರಿಷ್ಠ ಮಿತಿ 54; 54 ಹೋಲ್‌ಗಳ ಅಂಕ ಒಪ್ಪಿಸಿದರೆ ಶುರುವಾಗುತ್ತದೆ. ಆಮೇಲೆ ಇತ್ತೀಚಿನ 20 ಸುತ್ತುಗಳಲ್ಲಿ ಅತ್ಯುತ್ತಮ ಎಂಟರ ಸರಾಸರಿ ಲೆಕ್ಕಕ್ಕೆ ಬರುತ್ತದೆ. ಅಂದರೆ ಹ್ಯಾಂಡಿಕ್ಯಾಪ್ ನಿಮ್ಮ ಒಳ್ಳೆಯ ದಿನಗಳ ಅಳತೆ. ಬಹುತೇಕ ದಿನ ಅದಕ್ಕಿಂತ ಕೆಟ್ಟದಾಗಿ ಆಡುವುದು ಲೆಕ್ಕದ ಪ್ರಕಾರವೇ ಸಹಜ.

ಬೇಗ ಆಡಿ. ಸರದಿ ಬಂದ ಮೇಲೆ 40 ಸೆಕೆಂಡಿನೊಳಗೆ ಹೊಡೆಯಬೇಕೆಂದು ನಿಯಮಾವಳಿಯೇ ಸಲಹೆ ಕೊಡುತ್ತದೆ. ಗ್ರೀನ್ ಮೇಲೆ ನಿಮ್ಮ ಚೆಂಡು ಮಾಡಿದ ಗುಳಿಯನ್ನು ಸರಿಪಡಿಸಿ, ಬಂಕರ್ ಮರಳನ್ನು ಹರಗಿ ಬನ್ನಿ.

ಹಂತ 9: ಅಭ್ಯಾಸ

ನೂರು ಚೆಂಡಿನ ಬುಟ್ಟಿ ತೆಗೆದುಕೊಂಡು ನೂರನ್ನೂ ಡ್ರೈವರ್‌ನಲ್ಲಿ ಹೊಡೆಯುವುದು ವ್ಯಾಯಾಮ, ಅಭ್ಯಾಸವಲ್ಲ. ಐವತ್ತು ಸಾಕು. ಹದಿನೈದು ಅರ್ಧ ಸ್ವಿಂಗ್‌ಗೆ, ಹದಿನೈದು ಆ ವಾರ ಸರಿಪಡಿಸುತ್ತಿರುವ ಒಂದೇ ದೋಷಕ್ಕೆ. ಉಳಿದ ಇಪ್ಪತ್ತರಲ್ಲಿ ಪ್ರತಿ ಹೊಡೆತಕ್ಕೂ ಕ್ಲಬ್ ಬದಲಿಸಿ, ಗುರಿ ಬದಲಿಸಿ, ಹಂತ 4ರ ಎಲೆಯಿಂದ ಶುರು ಮಾಡಿ. ಮೈದಾನದಲ್ಲಿ ಒಂದೇ ಜಾಗದಿಂದ ಒಂದೇ ಕ್ಲಬ್ಬನ್ನು ಎರಡು ಸಲ ಹೊಡೆಯುವುದು ಮೊದಲನೆಯದು ಕಳೆದುಹೋದಾಗ ಮಾತ್ರ. ಎಷ್ಟು ಸಮಯ ಚೆಂಡು ಹೊಡೆದಿರೋ ಅಷ್ಟೇ ಸಮಯ ಗ್ರೀನ್ ಬಳಿ ಕಳೆಯಿರಿ.

ಎರಡು ತಿಂಗಳಿಗೊಮ್ಮೆ ಹಂತ 1ರ ಎಣಿಕೆಯನ್ನು ಮತ್ತೆ ಮೂರು ಸುತ್ತು ಮಾಡಿ, ಹಳೆಯ ಚೀಟಿಯ ಪಕ್ಕದಲ್ಲಿಟ್ಟು ನೋಡಿ. ಮುಂದಿನ ಎರಡು ತಿಂಗಳು ಯಾವುದರ ಮೇಲೆ ಕೆಲಸ ಮಾಡಬೇಕೆಂದು ಅದೇ ಹೇಳುತ್ತದೆ. ನನ್ನ ಇತ್ತೀಚಿನ ಚೀಟಿಯಲ್ಲಿ ದಂಡ ಆರರಿಂದ ಎರಡಕ್ಕೆ ಇಳಿದಿದೆ, ಅರೆಬರೆ ಹೊಡೆತ ನಾಲ್ಕಕ್ಕೆ. ಮೂರು ಪಟ್‌ನ ಹೋಲ್‌ಗಳು ಮಾತ್ರ ಅಂದಿನ ಐದರಿಂದ ಕದಲಿಲ್ಲ. ಹಾಗಾಗಿ ಸದ್ಯ ಅಭ್ಯಾಸಕ್ಕೆ ಹೋಗುವಾಗ ಪಟರ್ ಮತ್ತು ಮೂರು ಚೆಂಡು ಬಿಟ್ಟರೆ ಬೇರೇನನ್ನೂ ಒಯ್ಯುತ್ತಿಲ್ಲ.